ಹಗ್ಗ ಮತ್ತು ಅದನ್ನು ಹಿಡಿಯುವ ಕೈ

(ಸಂಸ್ಥೆಯ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಉರ್ದು ಮತ್ತು ಕನ್ನಡ ಪಾಠ ಹೇಳುವ ಶಿಕ್ಷಕ ಪ್ರೋಟೀನಿನ ಬಗ್ಗೆ ಮಾತಾಡಲು ನಿಂತಿದ್ದಾನೆಂದರೆ ನಿಮಗೆ ಆಶ್ಚರ್ಯವಾಗುವುದು ಸಹಜ. ವಿಜ್ಞಾನದ ಅಧ್ಯಾಪಕರು ಇದೇ ಸಭೆಯಲ್ಲಿ ಕುಳಿತಿದ್ದಾರೆ. ಆದರೂ ಈ ವಿಷಯವನ್ನು ನಾನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು, ಇದು ಅಕ್ಷರ, ಪದ, ಧಾತು, ವಾಕ್ಯಗಳ ಕಥೆಯೂ ಹೌದು. ಭಾಷೆ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಎರಡು, ಈ ಕಥೆಯ ಕೊನೆಯಲ್ಲಿ ಒಬ್ಬ ಹುಡುಗನಿದ್ದಾನೆ. ಅವನು ನಮ್ಮ ಯಾವ ಶಾಲೆಯ ಯಾವ ತರಗತಿಯಲ್ಲಾದರೂ ಇರಬಹುದು. ಅವನನ್ನು ಮೊದಲು ಗುರುತಿಸಬಲ್ಲವರು ವೈದ್ಯರಲ್ಲ, ಪ್ರತಿದಿನ ಅವನನ್ನು ನೋಡುವ ನಾವು.

ಹಗ್ಗದ ಕಥೆ

ಜೀವಕೋಶವೆಂದರೆ ನಮ್ಮ ಮಕ್ಕಳು ಏನು ಬರೆಯುತ್ತಾರೆ? ಒಂದು ವೃತ್ತ, ನಡುವೆ ಒಂದು ಚುಕ್ಕೆ, ಸುತ್ತ ದ್ರವ. ಕನ್ನಡ ಪುಸ್ತಕದಲ್ಲಿ ಅದು ಜೀವಕೋಶ, ಉರ್ದು ಪುಸ್ತಕದಲ್ಲಿ ಖಲಿಯಾ. ಚಿತ್ರ ಮಾತ್ರ ಒಂದೇ. ಆ ಚಿತ್ರ ನೋಡಿದರೆ ಜೀವಕೋಶ ನೀರು ತುಂಬಿದ ಚೀಲದಂತೆ ತೋರುತ್ತದೆ. ನಿಜವಾಗಿ ಅದು ಬರೀ ಚೀಲವಾಗಿದ್ದರೆ ನಾವು ನಿಲ್ಲಲಾರೆವು, ನಡೆಯಲಾರೆವು. ಜೀವಕೋಶದೊಳಗೆ ಒಂದು ಚೌಕಟ್ಟಿದೆ. ಗುಡಾರಕ್ಕೆ ಗಳುಗಳೂ ಹಗ್ಗಗಳೂ ಇರುವ ಹಾಗೆ ಇದಕ್ಕೂ ಕೊಳವೆಗಳಿವೆ, ಎಳೆಗಳಿವೆ. ಇದನ್ನು ಸೈಟೋಸ್ಕೆಲಿಟನ್, ಅಂದರೆ ಜೀವಕೋಶದ ಅಸ್ಥಿಪಂಜರ ಎನ್ನುತ್ತಾರೆ. ಇದರ ಅತಿ ತೆಳ್ಳಗಿನ ಎಳೆಯೇ ಆಕ್ಟಿನ್.

ಆಕ್ಟಿನ್ ಪತ್ತೆಯಾದದ್ದು ಎರಡನೆಯ ಮಹಾಯುದ್ಧದ ನಡುವೆ, ಹಂಗೇರಿಯ ಸೆಗೆಡ್ ಎಂಬ ಊರಿನಲ್ಲಿ. ವಿಟಮಿನ್ ಸಿ ಕುರಿತ ಕೆಲಸವೂ ಸೇರಿದ ಸಂಶೋಧನೆಗೆ 1937ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಅವರ ಪ್ರಯೋಗಾಲಯ ಅಲ್ಲಿತ್ತು. ಆ ಪ್ರಯೋಗಾಲಯದಲ್ಲಿ ಎಫ್. ಬಿ. ಸ್ಟ್ರೌಬ್ ಎಂಬ ಯುವ ವಿಜ್ಞಾನಿ 1942ರಲ್ಲಿ ಸ್ನಾಯುವಿನಿಂದ ಈ ಪ್ರೋಟೀನನ್ನು ಬೇರ್ಪಡಿಸಿದರು. ಬಹಳ ಕಾಲ ಇದು ಸ್ನಾಯುವಿನ ಸ್ವತ್ತೆಂದೇ ಎಲ್ಲರೂ ತಿಳಿದಿದ್ದರು. 1966ರಲ್ಲಿ ಜಪಾನಿನ ಹತಾನೊ ಮತ್ತು ಊಸಾವ ಎಂಬ ವಿಜ್ಞಾನಿಗಳು ಸ್ನಾಯುವೇ ಇಲ್ಲದ ಲೋಳೆಶಿಲೀಂಧ್ರದಿಂದ ಅದೇ ಆಕ್ಟಿನ್ನನ್ನು ತೆಗೆದು ತೋರಿಸಿದರು. ನಮ್ಮ ದೇಹದಲ್ಲಿ ಗಾಯದ ಕಡೆಗೆ ತೆವಳಿ ಹೋಗುವ ಬಿಳಿ ರಕ್ತಕಣ ತೆವಳುವುದು ಆಕ್ಟಿನ್ ಬಲದಿಂದ. ಒಂದು ಕೋಶ ಎರಡಾಗುವಾಗ ನಡುವಿನಲ್ಲಿ ಉಂಗುರದಂತೆ ಬಿಗಿದು ಬೇರ್ಪಡಿಸುವುದರಲ್ಲೂ ಆಕ್ಟಿನ್ನಿನ ಪಾತ್ರವಿದೆ.

ಇದರ ರಚನೆ ಸರಳ. ಒಂದು ಮಣಿಯನ್ನು ಕಲ್ಪಿಸಿಕೊಳ್ಳಿ. ನಮ್ಮ ಸ್ನಾಯುವಿನಲ್ಲಿ ಆ ಒಂದು ಮಣಿ 375 ಅಮೈನೋ ಆಮ್ಲಗಳ ಸರಪಳಿ ಮಡಚಿಕೊಂಡು ಆದದ್ದು. ಮಣಿಗೆ ಮಣಿ ಕೂಡಿ ಸರವಾಗುತ್ತದೆ. ಎರಡು ಸರ ಒಂದಕ್ಕೊಂದು ಸುತ್ತಿಕೊಂಡು ಹುರಿಯಾಗುತ್ತದೆ. ಹುರಿಯ ದಪ್ಪ ಸುಮಾರು 7 ನ್ಯಾನೋಮೀಟರ್. ನಿಮ್ಮ ಅಳತೆಪಟ್ಟಿಯ ಒಂದು ಮಿಲಿಮೀಟರ್ ಅಗಲದಲ್ಲಿ ಇಂಥ ಸುಮಾರು 1 ಲಕ್ಷ 40 ಸಾವಿರ ಹುರಿಗಳನ್ನು ಪಕ್ಕಪಕ್ಕದಲ್ಲಿ ಇಡಬಹುದು. ಈ ಹುರಿಗೆ ತಲೆಯೂ ಇದೆ, ಬಾಲವೂ ಇದೆ. ಒಂದು ತುದಿಯಲ್ಲಿ ಮಣಿಗಳು ಬೇಗ ಬೇಗ ಸೇರುತ್ತವೆ. ಇನ್ನೊಂದು ತುದಿಯಲ್ಲಿ ಕಳಚಿ ಬೀಳುತ್ತವೆ. ಹೀಗೆ ಹಗ್ಗ ಹೊಸೆಯುವ ಕೆಲಸವೂ ಬಿಚ್ಚುವ ಕೆಲಸವೂ ಒಟ್ಟಿಗೆ ನಡೆದಿರುತ್ತವೆ. ಜೀವಕೋಶ ಆಕಾರ ಬದಲಿಸಬಲ್ಲದ್ದು ಈ ಕಾರಣದಿಂದಲೇ.

ಹಿಡಿಯುವ ಕೈ

ಬರೀ ಹಗ್ಗವಿದ್ದರೆ ಏನು ಪ್ರಯೋಜನ? ಬಾವಿಯ ಹಗ್ಗಕ್ಕೆ ರಾಟೆ ಬೇಕು, ಕೊಡ ಬೇಕು, ಎಳೆಯುವ ಕೈ ಬೇಕು. ಎಷ್ಟು ಉದ್ದ ಬಿಡಬೇಕು, ಎಲ್ಲಿ ಕತ್ತರಿಸಬೇಕು, ಯಾವುದಕ್ಕೆ ಕಟ್ಟಬೇಕು ಎಂದು ಹೇಳುವವರು ಬೇಕು. ಜೀವಕೋಶದಲ್ಲಿ ಈ ಕೆಲಸಗಳಿಗೆಂದೇ ನೂರಕ್ಕೂ ಹೆಚ್ಚು ಪ್ರೋಟೀನ್‌ಗಳಿವೆ. ಪ್ರೊಫಿಲಿನ್ ಬಿಡಿ ಮಣಿಯನ್ನು ಹಿಡಿದು ಬೆಳೆಯುವ ತುದಿಗೆ ತಲುಪಿಸುತ್ತದೆ. ಜೆಲ್ಸೋಲಿನ್ ಹುರಿಯನ್ನು ಕತ್ತರಿಸಿ ತುದಿಗೆ ಮುಚ್ಚಳ ಹಾಕುತ್ತದೆ. ಕೋಫಿಲಿನ್ ಹಳೆಯ ಹುರಿಯನ್ನು ತುಂಡರಿಸಿ ಮಣಿಗಳನ್ನು ಮರುಬಳಕೆಗೆ ಬಿಡುತ್ತದೆ. ಏಳು ಪ್ರೋಟೀನ್‌ಗಳು ಕೂಡಿದ ಆರ್ಪ್ 2/3 ಎಂಬ ಗುಂಪು ಹಳೆಯ ಹುರಿಯ ಮಗ್ಗುಲಿನಿಂದ ಹೊಸ ಕೊಂಬೆ ಚಿಗುರುವಂತೆ ಮಾಡುತ್ತದೆ. ಆಲ್ಫಾ ಆಕ್ಟಿನಿನ್ ಎರಡು ಹುರಿಗಳನ್ನು ಜೋಡಿಸಿ ಕಟ್ಟುತ್ತದೆ.

ಈ ಪ್ರೋಟೀನ್‌ಗಳೆಲ್ಲ ಮೈಪೂರ್ತಿಯಾಗಿ ಆಕ್ಟಿನ್ನನ್ನು ಅಪ್ಪಿಕೊಳ್ಳುವುದಿಲ್ಲ. ಪ್ರತಿಯೊಂದರ ಸರಪಳಿಯಲ್ಲಿ ಒಂದು ನಿರ್ದಿಷ್ಟ ಭಾಗ ತಾನೇ ತಾನಾಗಿ ಮಡಚಿಕೊಂಡು ಕೈಯಂತಾಗುತ್ತದೆ. ಹಿಡಿಯುವುದು ಆ ಭಾಗ. ಇಂಥ ಭಾಗಕ್ಕೆ ವಿಜ್ಞಾನಿಗಳು ಡೊಮೈನ್ ಎನ್ನುತ್ತಾರೆ. ಒಂದೇ ಬಗೆಯ ಡೊಮೈನ್ ಬೇರೆ ಬೇರೆ ಪ್ರೋಟೀನ್‌ಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಉರ್ದು ಬಲ್ಲವರು ಇದನ್ನು ಸುಲಭವಾಗಿ ತಿಳಿಯಬಹುದು. ಅರಬಿ ಮೂಲದ ಕಾಫ್, ತೇ, ಬೇ ಎಂಬ ಮೂರು ಅಕ್ಷರಗಳ ಧಾತುವನ್ನು ನೆನೆಯಿರಿ. ಕಿತಾಬ್‌ನಲ್ಲಿ ಅದಿದೆ, ಕಾತಿಬ್‌ನಲ್ಲಿ ಅದಿದೆ, ಮಕ್ತಬ್‌ನಲ್ಲಿ ಅದಿದೆ, ಮಕ್ತೂಬ್‌ನಲ್ಲಿ ಅದಿದೆ. ಪದ ಬೇರೆ, ಕೆಲಸ ಬೇರೆ. ಆದರೆ ಬರಹದ ಅರ್ಥ ಎಲ್ಲದರಲ್ಲೂ ಉಳಿದಿದೆ. ಕನ್ನಡದಲ್ಲಾದರೆ ಕೈ ಎಂಬ ಪದವನ್ನೇ ನೋಡಿ: ಕೈಚೀಲ, ಕೈಬರಹ, ಕೈಗಡಿಯಾರ, ಕೈಗಾರಿಕೆ. ಹಾಗೆಯೇ ಆಕ್ಟಿನ್ ಹಿಡಿಯುವ ಒಂದು ಧಾತು ಇದೆ. ಅದರ ಹೆಸರು ಸಿ ಎಚ್ ಡೊಮೈನ್. ಕ್ಯಾಲ್ಪೋನಿನ್ ಎಂಬ ಪ್ರೋಟೀನಿನಲ್ಲಿ ಇದರ ಹೋಲಿಕೆ ಕಂಡದ್ದರಿಂದ ಈ ಹೆಸರು ಬಂತು. ಒಂದೊಂದರ ಉದ್ದ ಸುಮಾರು 100 ಅಮೈನೋ ಆಮ್ಲ. ಎರಡು ಸಿ ಎಚ್ ಡೊಮೈನ್‌ಗಳು ಅಕ್ಕಪಕ್ಕ ನಿಂತಾಗ ಅವು ಜೋಡಿಯಾಗಿ ಆಕ್ಟಿನ್ ಹುರಿಯನ್ನು ಚೆನ್ನಾಗಿ ಹಿಡಿಯುತ್ತವೆ. ಆಲ್ಫಾ ಆಕ್ಟಿನಿನ್, ಫಿಲಮಿನ್, ಕೆಂಪು ರಕ್ತಕಣಕ್ಕೆ ಬಾಗಿ ಬಳುಕುವ ಗುಣ ಕೊಡುವ ಸ್ಪೆಕ್ಟ್ರಿನ್, ಮತ್ತು ಇಂದಿನ ನಮ್ಮ ಮಾತಿನ ಕೇಂದ್ರವಾದ ಡಿಸ್ಟ್ರೋಫಿನ್, ಇವೆಲ್ಲ ಒಂದೇ ಧಾತುವಿನಿಂದ ಹುಟ್ಟಿದ ಪದಗಳು.

ಹಿಡಿತ ಎಷ್ಟಿರಬೇಕು ಎಂಬುದಕ್ಕೂ ಲೆಕ್ಕವಿದೆ. ಮೂತ್ರಪಿಂಡದ ಸೋಸುವ ಕೋಶಗಳಲ್ಲಿ ಆಲ್ಫಾ ಆಕ್ಟಿನಿನ್-4 ಎಂಬ ಪ್ರೋಟೀನ್ ಇದೆ. ಕೆಲವು ಕುಟುಂಬಗಳಲ್ಲಿ ಅದರ ಆಕ್ಟಿನ್ ಹಿಡಿಯುವ ಭಾಗ ಬದಲಾಗಿ, ಹಿಡಿತ ಇರಬೇಕಾದ್ದಕ್ಕಿಂತ ಬಿಗಿಯಾಗಿರುತ್ತದೆ. ಪರಿಣಾಮವಾಗಿ ಮೂತ್ರಪಿಂಡವೇ ಕ್ರಮೇಣ ಕೆಡುತ್ತದೆ. ಇದು 2000ದಲ್ಲಿ ತಿಳಿದುಬಂತು. ಸಡಿಲವಾದರೂ ಕೇಡು, ಬಿಗಿಯಾದರೂ ಕೇಡು. ಕಟ್ಟಿದ್ದನ್ನು ಬಿಚ್ಚಲು ಬಂದರೆ ಮಾತ್ರ ಜೀವಕೋಶ ಬದುಕುತ್ತದೆ.

ಡಿಸ್ಟ್ರೋಫಿನ್ ಎಂಬ ಉದ್ದನೆಯ ಕೊಂಡಿ

ಈಗ ಸ್ನಾಯುವಿಗೆ ಬರೋಣ. ಸ್ನಾಯುವಿನ ಎಳೆ ಪ್ರತಿ ಬಾರಿ ಸಂಕುಚಿಸಿದಾಗಲೂ ಅದರ ಹೊರಪೊರೆಯ ಮೇಲೆ ಎಳೆತ ಬೀಳುತ್ತದೆ. ಪೊರೆ ಸಾಬೂನಿನ ಗುಳ್ಳೆಯಷ್ಟೇ ಮೃದು. ಅದು ಹರಿಯದೆ ಉಳಿಯಬೇಕಾದರೆ ಒಳಗಿನ ಆಕ್ಟಿನ್ ಜಾಲಕ್ಕೂ ಹೊರಗಿನ ಆಸರೆಗೂ ಒಂದು ಕೊಂಡಿ ಬೇಕು. ಆ ಕೊಂಡಿಯೇ ಡಿಸ್ಟ್ರೋಫಿನ್. 3685 ಅಮೈನೋ ಆಮ್ಲಗಳ ಬಲು ಉದ್ದನೆಯ ಪ್ರೋಟೀನ್ ಇದು. ಒಂದು ತುದಿಯಲ್ಲಿ ನಾನು ಹೇಳಿದ ಜೋಡಿ ಸಿ ಎಚ್ ಡೊಮೈನ್. ಅದು ಆಕ್ಟಿನ್ನನ್ನು ಹಿಡಿಯುತ್ತದೆ. ನಡುವೆ ಸ್ಪ್ರಿಂಗಿನಂತೆ 24 ಮಡಿಕೆಗಳು; ಅವುಗಳಲ್ಲಿಯೂ ಕೆಲವು ಆಕ್ಟಿನ್‌ಗೆ ಒತ್ತಾಸೆ ಕೊಡುತ್ತವೆ. ಇನ್ನೊಂದು ತುದಿ ಪೊರೆಯಲ್ಲಿ ನೆಟ್ಟಿರುವ ಪ್ರೋಟೀನ್‌ಗಳ ಗುಂಪನ್ನು ಹಿಡಿಯುತ್ತದೆ. ಒಂದು ಕೈ ಒಳಗೆ, ಒಂದು ಕೈ ಪೊರೆಗೆ.

ಈ ಕೊಂಡಿ ಇಲ್ಲದಿದ್ದರೆ? ಮಗು ಓಡಿದಾಗ, ಮೆಟ್ಟಿಲು ಇಳಿದಾಗ ಪೊರೆಯಲ್ಲಿ ಸಣ್ಣ ಸಣ್ಣ ಬಿರುಕು ಬೀಳುತ್ತದೆ. ಹೊರಗಿನ ಕ್ಯಾಲ್ಸಿಯಂ ಮಿತಿಮೀರಿ ಒಳಗೆ ನುಗ್ಗುತ್ತದೆ. ಒಳಗಿರಬೇಕಾದ ಕ್ರಿಯೇಟಿನ್ ಕೈನೇಸ್ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಎಳೆ ಸಾಯುತ್ತದೆ. ದೇಹ ಹೊಸ ಎಳೆಯನ್ನು ಬೆಳೆಸುತ್ತದೆ, ಅದೂ ಹರಿಯುತ್ತದೆ. ಕೊನೆಗೆ ದುರಸ್ತಿಯ ಶಕ್ತಿ ಮುಗಿದು ಸ್ನಾಯುವಿನ ಜಾಗದಲ್ಲಿ ಕೊಬ್ಬೂ ನಾರೂ ತುಂಬಿಕೊಳ್ಳುತ್ತವೆ. ಇದೇ ಡುಶೆನ್ ಸ್ನಾಯುಕ್ಷಯ. 19ನೇ ಶತಮಾನದಲ್ಲಿ ಫ್ರಾನ್ಸಿನ ವೈದ್ಯ ಡುಶೆನ್ ಇದನ್ನು ವಿವರವಾಗಿ ವರ್ಣಿಸಿದ್ದರಿಂದ ಅವರ ಹೆಸರು ಬಂತು. ಕಾರಣ ತಿಳಿಯಲು ಮಾತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. 1986ರಲ್ಲಿ ಅಮೆರಿಕದ ಲೂಯಿಸ್ ಕುಂಕೆಲ್ ಅವರ ತಂಡ ಜೀನನ್ನು ಪತ್ತೆಹಚ್ಚಿತು. 1987ರಲ್ಲಿ ಪ್ರೋಟೀನನ್ನು ಗುರುತಿಸಿ ಡಿಸ್ಟ್ರೋಫಿನ್ ಎಂದು ಹೆಸರಿಟ್ಟರು. ಹುಟ್ಟುವ ಸುಮಾರು 3500ರಿಂದ 5000 ಗಂಡುಮಕ್ಕಳಲ್ಲಿ ಒಬ್ಬರಿಗೆ ಈ ರೋಗ ಬರುತ್ತದೆ.

ಮೂರಕ್ಷರದ ಪದಗಳು

ಈ ಜೀನ್ ಮನುಷ್ಯನ ಅತಿ ಉದ್ದದ ಜೀನ್‌ಗಳಲ್ಲಿ ಒಂದು. 20 ಲಕ್ಷಕ್ಕೂ ಹೆಚ್ಚು ಅಕ್ಷರಗಳು. ಅವುಗಳ ನಡುವೆ ಚದುರಿಕೊಂಡಿರುವ 79 ತುಣುಕುಗಳನ್ನು ಹೆಕ್ಕಿ ಜೋಡಿಸಿದರೆ ಪ್ರೋಟೀನಿನ ಪಾಠ ಸಿಗುತ್ತದೆ. ಇಷ್ಟು ಉದ್ದದ ಬರಹದಲ್ಲಿ ತಪ್ಪು ನುಸುಳುವ ಸಂಭವವೂ ಹೆಚ್ಚು. ಅನೇಕ ರೋಗಿಗಳಲ್ಲಿ ಒಂದೋ ಹಲವೋ ತುಣುಕುಗಳು ಪೂರ್ತಿ ಬಿಟ್ಟುಹೋಗಿರುತ್ತವೆ.

ಇಲ್ಲಿ ಒಂದು ವಿಚಿತ್ರ ಕಂಡಿತು. ಕೆಲವರಲ್ಲಿ ಸಣ್ಣ ತುಂಡು ಹೋಗಿದ್ದರೂ ರೋಗ ಭೀಕರ. ಇನ್ನು ಕೆಲವರಲ್ಲಿ ದೊಡ್ಡ ತುಂಡೇ ಹೋಗಿದ್ದರೂ ರೋಗ ಸೌಮ್ಯ. ಈ ಸೌಮ್ಯ ರೂಪಕ್ಕೆ ಬೆಕರ್ ಸ್ನಾಯುಕ್ಷಯ ಎಂದು ಹೆಸರು. ಏಕೆ ಹೀಗೆ? ಜೀನಿನ ಭಾಷೆಯಲ್ಲಿ ಪ್ರತಿ ಪದಕ್ಕೂ ಮೂರೇ ಅಕ್ಷರ, ಪದಗಳ ನಡುವೆ ಜಾಗವಿಲ್ಲ. ಕನ್ನಡದಲ್ಲಿಯೇ ಪ್ರಯೋಗ ಮಾಡೋಣ. ಪ್ರತಿ ಪದಕ್ಕೂ ಮೂರು ಅಕ್ಷರವಿರುವ ಒಂದು ವಾಕ್ಯ:

ಸಲೀಮ ಬೇಗನೆ ಎದ್ದನು ಶಾಲೆಗೆ ನಡೆದ.

ಇದರಿಂದ "ಬೇಗನೆ" ಎಂಬ ಪದ ಪೂರ್ತಿ ತೆಗೆಯಿರಿ. "ಸಲೀಮ ಎದ್ದನು ಶಾಲೆಗೆ ನಡೆದ." ಸ್ವಲ್ಪ ಕೊರತೆಯಾಯಿತು, ಆದರೆ ಅರ್ಥ ಉಳಿಯಿತು. ಇದು ಬೆಕರ್. ಈಗ ಪೂರ್ತಿ ಪದದ ಬದಲು "ಬೇ" ಎಂಬ ಒಂದೇ ಅಕ್ಷರ ತೆಗೆದು, ಮತ್ತೆ ಮೂರು ಮೂರಾಗಿ ಓದಿ:

ಸಲೀಮ ಗನೆಎ ದ್ದನುಶಾ ಲೆಗೆನ ಡೆದ.

ಕಳೆದದ್ದು ಒಂದೇ ಅಕ್ಷರ, ಕೆಟ್ಟದ್ದು ಇಡೀ ವಾಕ್ಯ. ಸಲೀಮ ಎದ್ದೂ ಇಲ್ಲ, ಶಾಲೆಗೆ ನಡೆದೂ ಇಲ್ಲ. ಇದು ಡುಶೆನ್. ಓದು ತಪ್ಪಿದ ಮೇಲೆ ಜೀವಕೋಶ ಆ ಪ್ರೋಟೀನನ್ನು ನಡುವಿನಲ್ಲೇ ನಿಲ್ಲಿಸಿಬಿಡುತ್ತದೆ. ಒಂದು ಕೈ ಇದ್ದರೂ ಇನ್ನೊಂದು ಕೈ ಇಲ್ಲದ ಕೊಂಡಿ ಯಾರಿಗೂ ಬೇಡ. ಅದು ಉಳಿಯುವುದೂ ಇಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳಲ್ಲಿ ಈ ನಿಯಮ ಸರಿಹೋಗುತ್ತದೆ.

1990ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ವರದಿ ಮಾಡಿದ ಒಬ್ಬ ರೋಗಿಯ ವಿಷಯ ಕೇಳಿ. ಅವರ ಡಿಸ್ಟ್ರೋಫಿನ್ ಪಾಠದಲ್ಲಿ ನೂರಕ್ಕೆ 46 ಭಾಗ ಇರಲೇ ಇಲ್ಲ. ಆದರೂ 61ನೇ ವಯಸ್ಸಿನಲ್ಲಿ ಅವರು ನಡೆದಾಡುತ್ತಿದ್ದರು! ಅವರಲ್ಲಿ ಹೋಗಿದ್ದದ್ದು ನಡುವಿನ ಮಡಿಕೆಗಳು; ಎರಡು ತುದಿಯ ಕೈಗಳೂ ಭದ್ರವಾಗಿದ್ದವು. ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಆಕ್ಟಿನ್ ಹಿಡಿಯುವ ಡೊಮೈನ್‌ನಲ್ಲಿ 54ನೆಯ ಅಮೈನೋ ಆಮ್ಲ ಒಂದೇ ಒಂದು ಬದಲಾಗಿ, ಉಳಿದ 3684 ಸರಿಯಾಗಿಯೇ ಇದ್ದು, ಡುಶೆನ್ ರೋಗ ಬಂದ ಹುಡುಗನ ವಿವರ 1993ರಲ್ಲಿ ಪ್ರಕಟವಾಯಿತು. ನಡುವಿನ ಅರ್ಧ ಹಗ್ಗ ಹೋದರೂ ಕೆಲಸ ಸಾಗಬಹುದು. ಹಿಡಿಯುವ ಬೆರಳು ಮುರಿದರೆ ಸಾಗದು.

ಔಷಧದ ದಾರಿ

ಆ 61ರ ಹಿರಿಯರಿಂದ ವಿಜ್ಞಾನಿಗಳು ಪಾಠ ಕಲಿತರು. ರೋಗಿಯ ದೇಹಕ್ಕೆ ಜೀನ್ ಒಯ್ಯುವ ನಿರಪಾಯ ವೈರಸ್ಸಿನಲ್ಲಿ ಜಾಗ ಬಹಳ ಕಡಿಮೆ. ಸುಮಾರು 4700 ಅಕ್ಷರಗಳಷ್ಟು ಮಾತ್ರ. ಡಿಸ್ಟ್ರೋಫಿನ್ ಪಾಠಕ್ಕೆ 11000 ಅಕ್ಷರ ಬೇಕು. ಆದ್ದರಿಂದ ಆಕ್ಟಿನ್ ಹಿಡಿಯುವ ತುದಿಯನ್ನೂ ಪೊರೆ ಹಿಡಿಯುವ ತುದಿಯನ್ನೂ ಇಟ್ಟುಕೊಂಡು, ನಡುವಿನ 24 ಮಡಿಕೆಗಳಲ್ಲಿ ನಾಲ್ಕೈದನ್ನಷ್ಟೇ ಉಳಿಸಿ, ಕಿರು ಡಿಸ್ಟ್ರೋಫಿನ್ ರಚಿಸಿದರು. ಒಂದು ದೊಡ್ಡ ಪಠ್ಯದ ಸಾರಾಂಶ ಬರೆದಂತೆ. ಇಂಥ ಒಂದು ಚಿಕಿತ್ಸೆಗೆ 2023ರ ಜೂನ್‌ನಲ್ಲಿ ಅಮೆರಿಕದಲ್ಲಿ 4 ಮತ್ತು 5 ವರ್ಷದ ಮಕ್ಕಳಿಗೆಂದು ಅನುಮತಿ ಸಿಕ್ಕಿತು. ಬೆಲೆ ಸುಮಾರು 32 ಲಕ್ಷ ಡಾಲರ್.

ಆದರೆ ನಿಮಗೆ ಪೂರ್ತಿ ಸತ್ಯ ಹೇಳಬೇಕು. ಅದರ ದೊಡ್ಡ ಪರೀಕ್ಷೆಯಲ್ಲಿ ಮುಖ್ಯ ಗುರಿ ಈಡೇರಲಿಲ್ಲ. 2025ರಲ್ಲಿ, ಆಗಲೇ ನಡೆಯಲಾರದ ಸ್ಥಿತಿಯಲ್ಲಿದ್ದ ಇಬ್ಬರು ಹುಡುಗರು ಈ ಚಿಕಿತ್ಸೆಯ ನಂತರ ಯಕೃತ್ತು ಕೆಟ್ಟು ತೀರಿಕೊಂಡರು. ಅದೇ ವರ್ಷ ಕಠಿಣ ಎಚ್ಚರಿಕೆ ಸೇರಿಸಿ, ನಡೆಯಬಲ್ಲ ಮಕ್ಕಳಿಗೆ ಮಾತ್ರ ಎಂದು ಮಿತಿ ಹಾಕಿದರು. ಕೆಟ್ಟ ತುಣುಕನ್ನು ಹಾರಿ ಮುಂದಿನದನ್ನು ಓದಿಸುವ, ಅಂದರೆ ಡುಶೆನ್ನನ್ನು ಬೆಕರ್ ಮಾಡುವ ಇನ್ನೊಂದು ಬಗೆಯ ಔಷಧಿಯೂ 2016ರಿಂದ ಅಮೆರಿಕದಲ್ಲಿದೆ. ಅದು ಕೆಲವು ಬಗೆಯ ತಪ್ಪುಗಳಿಗಷ್ಟೇ ಅನ್ವಯ, ಫಲವೂ ಅಲ್ಪ. ದಾರಿ ತೆರೆದಿದೆ, ಊರು ಇನ್ನೂ ದೂರವಿದೆ. ಆದ್ದರಿಂದ ಯಾರಾದರೂ "ಪೂರ್ತಿ ಗುಣಪಡಿಸುತ್ತೇವೆ" ಎಂದು ಎಣ್ಣೆ, ಪುಡಿ, ಇಂಜೆಕ್ಷನ್ ಮಾರಲು ಬಂದರೆ ಮನೆ, ಒಡವೆ ಅಡವಿಡಬೇಡಿ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ವೈದ್ಯರ ನಿಗಾದಲ್ಲಿ ಕೊಡುವ ಪ್ರೆಡ್ನಿಸೋಲೋನ್, ಡಿಫ್ಲಜಕಾರ್ಟ್‌ನಂಥ ಸ್ಟೀರಾಯ್ಡ್ ಮಾತ್ರೆಗಳು ಮಗು ನಡೆದಾಡುವ ಕಾಲವನ್ನು ಕೆಲವು ವರ್ಷ ಮುಂದಕ್ಕೆ ಒಯ್ಯುತ್ತವೆ. ಅವನ್ನು ತಟ್ಟನೆ ನಿಲ್ಲಿಸುವುದು ಅಪಾಯ. ಸ್ನಾಯು ಬಿಗಿಯದಂತೆ ದಿನವೂ ಮೆಲ್ಲಗೆ ಚಾಚಿಸುವ ವ್ಯಾಯಾಮ, ತಪ್ಪದೆ ಹೃದಯದ ತಪಾಸಣೆ, ಮುಂದೆ ಉಸಿರಾಟಕ್ಕೆ ಯಂತ್ರದ ನೆರವು, ಇವು ಆಯುಷ್ಯವನ್ನು ಹೆಚ್ಚಿಸಿವೆ. ಒಂದು ಕಾಲದಲ್ಲಿ ಹದಿಹರೆಯದಲ್ಲೇ ಮುಗಿಯುತ್ತಿದ್ದ ಬದುಕು ಒಳ್ಳೆಯ ಆರೈಕೆಯಿದ್ದಲ್ಲಿ ಇಂದು ಮೂವತ್ತರ ಆಸುಪಾಸಿಗೆ, ಕೆಲವರಲ್ಲಿ ಅದಕ್ಕೂ ಮುಂದಕ್ಕೆ ಹೋಗುತ್ತಿದೆ. ಓದು ಮುಗಿಸಲು, ಕೆಲಸ ಮಾಡಲು ಸಾಕಾಗುವಷ್ಟು ಬದುಕು ಅದು.

ತಾಯಿಯ ತಪ್ಪಲ್ಲ

ಇಲ್ಲಿ ಕುಳಿತಿರುವ ತಾಯಂದಿರಿಗೂ, ಅವರಿಗಿಂತ ಹೆಚ್ಚಾಗಿ ಅವರ ಮನೆಯವರಿಗೂ ಒಂದು ಮಾತು. ಡಿಸ್ಟ್ರೋಫಿನ್ ಜೀನ್ ಎಕ್ಸ್ ಎಂಬ ವರ್ಣತಂತುವಿನ ಮೇಲಿದೆ. ಹೆಣ್ಣಿಗೆ ಎರಡು ಎಕ್ಸ್. ಒಂದರಲ್ಲಿ ತಪ್ಪಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಗಂಡಿಗೆ ಒಂದೇ ಎಕ್ಸ್, ಅದು ತಾಯಿಯಿಂದ ಬಂದದ್ದು. ಆದ್ದರಿಂದ ರೋಗ ಹುಡುಗರಲ್ಲಿ ಕಾಣಿಸುತ್ತದೆ. ಇದನ್ನು ಅರ್ಧ ಕೇಳಿಕೊಂಡು "ಸೊಸೆ ತಂದ ರೋಗ" ಎನ್ನುವವರಿದ್ದಾರೆ. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ತಾಯಿಯ ರಕ್ತದಲ್ಲಿ ಆ ತಪ್ಪು ಇರುವುದೇ ಇಲ್ಲ. ಅದು ಹೊಸದಾಗಿ ಆದದ್ದು. ಉಳಿದ ಕಡೆಯೂ ಅದು ಯಾರೂ ಆರಿಸಿಕೊಂಡದ್ದಲ್ಲ. ತನ್ನ ಕಣ್ಣಿನ ಬಣ್ಣಕ್ಕೆ ಎಷ್ಟು ಹೊಣೆಯೋ ಇದಕ್ಕೂ ಆ ತಾಯಿ ಅಷ್ಟೇ ಹೊಣೆ.

ಎರಡನೆಯ ತಪ್ಪು ತಿಳಿವಳಿಕೆ ಸಂಬಂಧದೊಳಗಿನ ಮದುವೆಯ ಬಗ್ಗೆ. ಚಿಕ್ಕಪ್ಪ, ದೊಡ್ಡಪ್ಪ, ಮಾಮು, ಖಾಲಾರ ಮಕ್ಕಳ ನಡುವೆ ಮದುವೆ ನಮ್ಮಲ್ಲಿದೆ. ಕರ್ನಾಟಕದ ಬೇರೆ ಹಲವು ಸಮುದಾಯಗಳಲ್ಲಿ ಸೋದರಮಾವನಿಗೇ ಹೆಣ್ಣು ಕೊಡುವ ರೂಢಿಯಿದೆ. ಇಂಥ ಮದುವೆಯಿಂದ ಕೆಲವು ಆನುವಂಶಿಕ ರೋಗಗಳ ಸಂಭವ ಹೆಚ್ಚುವುದು ನಿಜ. ಸೊಂಟ, ಭುಜಗಳ ಸ್ನಾಯು ಕ್ಷೀಣಿಸುವ ಬೇರೆ ಬಗೆಯ ಸ್ನಾಯುಕ್ಷಯಗಳು ಆ ಪಟ್ಟಿಯಲ್ಲಿವೆ. ಅಲ್ಲಿ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಡುಶೆನ್ ಆ ಪಟ್ಟಿಯಲ್ಲಿಲ್ಲ. ತಂದೆಯ ಎಕ್ಸ್ ಮಗನಿಗೆ ಬರುವುದೇ ಇಲ್ಲವಾದ್ದರಿಂದ, ತಂದೆ ಸಂಬಂಧಿಕನಾಗಿದ್ದರೂ ಪರಕೀಯನಾಗಿದ್ದರೂ ಒಂದೇ. ಸಂಬಂಧದಲ್ಲಿ ಮದುವೆಯಾಗಿಲ್ಲ, ನಮ್ಮ ಮಗುವಿಗೆ ಹೇಗೆ ಬಂತು ಎನ್ನುವವರಿಗೂ ಉತ್ತರ ಇದೇ.

ತಿಳಿಯಬೇಕಾದ್ದು ಒಂದಿದೆ. ತಾಯಿಯಲ್ಲಿ ಆ ತಪ್ಪು ಇದ್ದರೆ ಹುಟ್ಟುವ ಪ್ರತಿ ಗಂಡುಮಗುವಿಗೂ ರೋಗ ಬರುವ ಸಂಭವ ಅರ್ಧಕ್ಕರ್ಧ. ಪ್ರತಿ ಹೆಣ್ಣುಮಗು ವಾಹಕಳಾಗುವ ಸಂಭವವೂ ಅರ್ಧಕ್ಕರ್ಧ. ಆದ್ದರಿಂದ ಒಬ್ಬ ಹುಡುಗನಿಗೆ ರೋಗ ಖಚಿತವಾದಾಗ ಅವನ ಅಮ್ಮ, ಅಕ್ಕತಂಗಿಯರು, ಖಾಲಾಗಳು ಪರೀಕ್ಷೆ ಮಾಡಿಸಿಕೊಂಡು ಆನುವಂಶಿಕ ಸಲಹೆ ಪಡೆಯುವುದು ಒಳ್ಳೆಯದು. ಕೆಲವು ವಾಹಕ ಮಹಿಳೆಯರಲ್ಲಿ ಹೃದಯ ದುರ್ಬಲವಾಗುವುದುಂಟು. ಅವರ ಆರೋಗ್ಯಕ್ಕೂ ಇದು ಮುಖ್ಯ. ಆದರೆ ಈ ಪರೀಕ್ಷೆ ತಿಳಿವಳಿಕೆಗಾಗಿ, ಹೆಣ್ಣುಮಕ್ಕಳ ಮೇಲೆ ಕಳಂಕ ಹೊರಿಸಲು ಅಲ್ಲ.

ಅಧ್ಯಾಪಕ ಮಿತ್ರರಿಗೆ

ರೋಗದ ಲಕ್ಷಣ ಸಾಮಾನ್ಯವಾಗಿ 3ರಿಂದ 5 ವರ್ಷದೊಳಗೆ ಕಾಣುತ್ತದೆ. ಅಂದರೆ ಅಂಗನವಾಡಿಯಲ್ಲಿ, ಒಂದನೇ ತರಗತಿಯಲ್ಲಿ. ಹುಡುಗ ಪದೇ ಪದೇ ಬೀಳುತ್ತಾನೆ. ಓಡಲು, ಜಿಗಿಯಲು ಬಾರದು. ಮೆಟ್ಟಿಲಿಗೆ ಕಂಬಿ ಹಿಡಿಯುತ್ತಾನೆ. ಬಾತುಕೋಳಿಯಂತೆ ಆ ಕಡೆ ಈ ಕಡೆ ಒಲೆದು ನಡೆಯುತ್ತಾನೆ, ಕೆಲವೊಮ್ಮೆ ತುದಿಗಾಲಿನಲ್ಲಿ. ಮೀನಖಂಡ ದಪ್ಪಗಿದ್ದು ನೋಡಿದವರು "ಗಟ್ಟಿಮುಟ್ಟು ಹುಡುಗ" ಎನ್ನುತ್ತಾರೆ. ಎಲ್ಲಕ್ಕಿಂತ ಸ್ಪಷ್ಟವಾದದ್ದು ನೆಲದಿಂದ ಏಳುವ ರೀತಿ: ಮೊದಲು ಅಂಗೈ ನೆಲಕ್ಕೂರಿ, ಸೊಂಟ ಎತ್ತಿ, ಆಮೇಲೆ ಮೊಣಕಾಲು, ತೊಡೆಗಳ ಮೇಲೆ ಕೈಯೂರುತ್ತ ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುವಂತೆ ಏಳುತ್ತಾನೆ. ಇದನ್ನು 1879ರಲ್ಲಿ ವಿವರಿಸಿದ ಇಂಗ್ಲಿಷ್ ವೈದ್ಯ ಗವರ್ಸ್ ಅವರ ಹೆಸರಿನಿಂದಲೇ ಇಂದಿಗೂ ಕರೆಯುತ್ತಾರೆ. ಪ್ರಾರ್ಥನೆ ಮುಗಿದು ಮಕ್ಕಳೆಲ್ಲ ಎದ್ದು ನಿಲ್ಲುವ ಹೊತ್ತಿನಲ್ಲಿ ಒಮ್ಮೆ ಗಮನಿಸಿ. ಎಲ್ಲರೂ ಎದ್ದ ಮೇಲೆ ಕೊನೆಗೆ ಏಳುವವನು ಯಾರು?

ಅವನನ್ನು ಸೋಮಾರಿ ಎನ್ನಬೇಡಿ. ದಯವಿಟ್ಟು ಬಸ್ಕಿ ಹೊಡೆಸಬೇಡಿ. ಬಸ್ಕಿ ಯಾವ ಮಗುವಿಗೂ ಶಿಕ್ಷೆಯಾಗಬಾರದು. ಈ ಮಗುವಿಗಂತೂ ಕುಳಿತೇಳುವ ಪ್ರತಿ ಬಾರಿಯೂ ಒಳಗೆ ಸ್ನಾಯು ಹರಿಯುತ್ತಿರುತ್ತದೆ. ಮೈದಾನದಲ್ಲಿ ಸುತ್ತು ಹೊಡೆಸಿದರೆ ಅವನು ಗಟ್ಟಿಯಾಗುವುದಿಲ್ಲ. ಈ ಮಕ್ಕಳಲ್ಲಿ ಕೆಲವರಿಗೆ ಕಲಿಕೆಯಲ್ಲಿಯೂ ತೊಡಕಿರುತ್ತದೆ, ಏಕೆಂದರೆ ಡಿಸ್ಟ್ರೋಫಿನ್‌ಗೆ ಮಿದುಳಿನಲ್ಲಿಯೂ ಕೆಲಸವಿದೆ. ಅದು ಉದಾಸೀನವಲ್ಲ.

ಪೋಷಕರನ್ನು ಕರೆದು ಸೌಮ್ಯವಾಗಿ ಹೇಳಿ. ಮೊದಲ ಪರೀಕ್ಷೆ ಸುಲಭ: ರಕ್ತದಲ್ಲಿ ಕ್ರಿಯೇಟಿನ್ ಕೈನೇಸ್ ಎಷ್ಟಿದೆ ಎಂದು ನೋಡುವುದು. ಡುಶೆನ್ ಇದ್ದರೆ ಅದು ಸಹಜಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಇನ್ನೊಂದು ಎಚ್ಚರಿಕೆ: ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಎ ಎಲ್ ಟಿ, ಎ ಎಸ್ ಟಿ ಎಂಬ ಕಿಣ್ವಗಳು ಸ್ನಾಯುವಿನಿಂದಲೂ ಸೋರುತ್ತವೆ. ಅವು ಹೆಚ್ಚಾಗಿರುವುದನ್ನು ಕಂಡು ಕಾಮಾಲೆಯ ಔಷಧಿ ಕೊಡಿಸುತ್ತ ಕಾಲ ಕಳೆಯುವುದುಂಟು. ಆಗಲೂ ಕ್ರಿಯೇಟಿನ್ ಕೈನೇಸ್ ಕೇಳಿ. ನಂತರ ಜೀನ್ ಪರೀಕ್ಷೆ. ಅದಕ್ಕೂ ರಕ್ತವೇ ಸಾಕು. ನರ ಮತ್ತು ಸ್ನಾಯು ರೋಗಗಳಿಗೆ ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಕಾನೂನಿನ ಬೆಂಬಲವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಅಂಗವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಒಂದು. ನೂರಕ್ಕೆ 40 ಅಥವಾ ಹೆಚ್ಚು ಅಂಗವೈಕಲ್ಯವಿದೆ ಎಂಬ ಪ್ರಮಾಣಪತ್ರವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ ಇವನ್ನು ಕೇಳಿ ಪಡೆಯಬಹುದು. ಶಾಲೆ ಮಾಡಬೇಕಾದ್ದು ಬಹಳ ಖರ್ಚಿನದಲ್ಲ: ಅವನ ತರಗತಿಯನ್ನು ನೆಲಮಹಡಿಗೆ ತರುವುದು, ಬಾಗಿಲಿಗೆ ಒಂದು ಇಳಿಜಾರು ಕಟ್ಟುವುದು, ಶೌಚಾಲಯದಲ್ಲಿ ಹಿಡಿಕೆ ಹಾಕಿಸುವುದು, ಪುಸ್ತಕದ ಇನ್ನೊಂದು ಪ್ರತಿಯನ್ನು ಶಾಲೆಯಲ್ಲೇ ಇಟ್ಟು ಚೀಲದ ಭಾರ ಇಳಿಸುವುದು. ನಮ್ಮ ಸಂಸ್ಥೆಗೆ ಸೇರಿದ ಶಾಲೆಗಳಲ್ಲಿ ಇಷ್ಟನ್ನು ಈ ವರ್ಷವೇ ಮಾಡಬಹುದೆಂದು ಪದಾಧಿಕಾರಿಗಳಲ್ಲಿ ನನ್ನ ಕಳಕಳಿಯ ವಿನಂತಿ. ಸುಮಾರು 12ನೇ ವಯಸ್ಸಿಗೆ ಗಾಲಿಕುರ್ಚಿ ಬೇಕಾದಾಗ ಅನೇಕ ಹುಡುಗರ ಓದು ನಿಲ್ಲುವ ಭಯವಿರುತ್ತದೆ. ಆ ಓದು ನಿಲ್ಲಬೇಕೋ ಬೇಡವೋ ಎಂಬುದನ್ನು ರೋಗಕ್ಕಿಂತ ಹೆಚ್ಚಾಗಿ ಶಾಲೆಯ ಮೆಟ್ಟಿಲು ನಿರ್ಧರಿಸಬಾರದು.

ವಿದ್ಯಾರ್ಥಿಗಳಿಗೆ

ಪ್ರೀತಿಯ ವಿದ್ಯಾರ್ಥಿಗಳೆ, ಆಕ್ಟಿನ್ನಿನ ಕಥೆ ಹಂಗೇರಿಯಲ್ಲಿ ಶುರುವಾದರೂ ಅಲ್ಲಿಯೇ ಮುಗಿದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಮತ್ತು ಮದನ್ ರಾವ್ ಅವರು ಪೊರೆಯ ಅಡಿಯ ಆಕ್ಟಿನ್ ಎಳೆಗಳು ಪೊರೆಯ ಮೇಲಿನ ಅಣುಗಳನ್ನು ಹೇಗೆ ಗುಂಪುಗೂಡಿಸುತ್ತವೆ ಎಂಬುದರ ಮೇಲೆ ಮಾಡಿದ ಕೆಲಸ ಜಗತ್ತಿನ ಗಮನ ಸೆಳೆದಿದೆ. ಇಬ್ಬರಲ್ಲಿ ಒಬ್ಬರು ಜೀವಕೋಶ ತಜ್ಞರು, ಇನ್ನೊಬ್ಬರು ಭೌತವಿಜ್ಞಾನಿ. ಆದ್ದರಿಂದ ನಿಮಗೆ ಗಣಿತ ಇಷ್ಟವಿದ್ದರೂ ಈ ಕ್ಷೇತ್ರದಲ್ಲಿ ಸ್ಥಾನವಿದೆ, ಜೀವಶಾಸ್ತ್ರ ಇಷ್ಟವಿದ್ದರೂ ಇದೆ. ವೈದ್ಯ, ಎಂಜಿನಿಯರ್ ಎಂಬ ಎರಡೇ ಬಾಗಿಲುಗಳಿವೆ ಎಂದು ತಿಳಿದು ನಿಂತವರು ಈ ಮೂರನೆಯ ಬಾಗಿಲನ್ನೂ ತಟ್ಟಿ ನೋಡಿ. ಮನೆಮಾತು ಉರ್ದು, ಓದಿದ್ದು ಕನ್ನಡ, ಮುಂದೆ ಇಂಗ್ಲಿಷ್ ಎಂದು ಅಂಜಬೇಡಿ. ಮೂರು ಭಾಷೆಗಳ ವ್ಯಾಕರಣ ಕಲಿತವರಿಗೆ ನಾಲ್ಕೇ ಅಕ್ಷರಗಳ ಜೀನಿನ ಭಾಷೆ ದೊಡ್ಡದಲ್ಲ.

ಅಲ್ಲಿಯವರೆಗೆ ನಿಮಗೊಂದು ಸಣ್ಣ ಕೆಲಸವಿದೆ. ಆಟದ ಪಿರಿಯಡ್‌ನಲ್ಲಿ ಓಡಲಾಗದೆ ಮರದಡಿ ಕುಳಿತವನು ನಿಮ್ಮ ತರಗತಿಯಲ್ಲಿದ್ದರೆ ಅವನನ್ನು ಅಣಕಿಸಬೇಡಿ. ಅವನಿಗೆ ಅಂಕ ಬರೆಯುವ ಕೆಲಸ ಕೊಡಿ, ಅಂಪೈರ್ ಮಾಡಿ, ಕೇರಂ ಹಲಗೆ ತನ್ನಿ. ಅವನು ಏಳಲು ಒದ್ದಾಡುವಾಗ ಕಂಕುಳಲ್ಲಿ ಕೈಹಾಕಿ ಜಗ್ಗಬೇಡಿ. ಹೇಗೆ ಹಿಡಿಯಲಿ ಎಂದು ಮೊದಲು ಅವನನ್ನೇ ಕೇಳಿ, ಆಮೇಲೆ ಹಿಡಿಯಿರಿ.